ಗೋಡೆಗೆ ಬಣ್ಣ ಬಿದ್ದರೆ ಬೀದಿ ಯಾಕೆ ಬದಲಾಗುತ್ತದೆ?

ನಿಮ್ಮ ಬಡಾವಣೆಯ ವಾಟ್ಸಾಪ್ ಗ್ರೂಪಿನಲ್ಲೂ ಇಂಥದ್ದೊಂದು ಮೆಸೇಜ್ ಬಂದಿರಬಹುದು. ‘ಪಾರ್ಕಿನ ಹಿಂದಿನ ಗೋಡೆಗೆ ಚಿತ್ರ ಬರೆಸೋಣ ಅಂತಿದ್ದೇವೆ. ಮನೆಗೆ ಇಷ್ಟು ಅಂತ ಕೊಟ್ಟರೆ ಸಾಕು. ಭಾನುವಾರ ಮಕ್ಕಳನ್ನೂ ಕಳಿಸಿ.’ ಅದರ ಹಿಂದೆಯೇ ಪ್ರಶ್ನೆಗಳೂ ಬರುತ್ತವೆ. ಚರಂಡಿ ಕಟ್ಟಿಕೊಂಡು ಮೂರು ತಿಂಗಳಾಯಿತು, ಬೀದಿದೀಪ ಉರಿಯುತ್ತಿಲ್ಲ, ಈಗ ಚಿತ್ರ ಬೇಕಿತ್ತಾ? ಬರೆದರೂ ನಾಲ್ಕು ದಿನ ಉಳಿಯುತ್ತಾ?

ಎರಡು ವರ್ಷದ ಹಿಂದೆ ಮೈಸೂರಿನ ನಮ್ಮ ಬಡಾವಣೆಯಲ್ಲೂ ಇದೇ ಮಾತು ನಡೆದಿತ್ತು. ಪ್ರಶ್ನೆಗಳಲ್ಲಿ ತಪ್ಪೇನಿಲ್ಲ. ಗೋಡೆಗೆ ಬಳಿದ ಬಣ್ಣ ಚರಂಡಿ ಸರಿಮಾಡುವುದಿಲ್ಲ. ಆದರೂ ಬೇರೆ ಬೇರೆ ದೇಶದ ಹಲವು ಊರುಗಳಲ್ಲಿ ಗೋಡೆಗೆ ಚಿತ್ರ ಬಂದ ಮೇಲೆ ಬೀದಿಯ ಬದುಕಿನಲ್ಲಿ ಏನೋ ಬದಲಾಗಿದೆ. ಏನು ಬದಲಾಯಿತು, ಯಾಕೆ ಬದಲಾಯಿತು, ಎಲ್ಲಿ ಬದಲಾಗಲಿಲ್ಲ ಅನ್ನುವುದನ್ನು ಒಂದೊಂದಾಗಿ ನೋಡೋಣ.

ಬೀದಿ ಕಲೆ ಅಂದರೆ ಯಾವುದು?

ಮೊದಲು ಮೂರು ಪದಗಳನ್ನು ಬೇರೆ ಬೇರೆ ಇಟ್ಟುಕೊಳ್ಳಬೇಕು. ಗ್ರಾಫಿಟಿ, ಮ್ಯೂರಲ್, ಬೀದಿ ಕಲೆ.

ಗ್ರಾಫಿಟಿ ಮುಖ್ಯವಾಗಿ ಅಕ್ಷರದ ಆಟ. ಸ್ಪ್ರೇ ಡಬ್ಬಿ ಹಿಡಿದು ತನ್ನ ಹೆಸರನ್ನೋ ಅಡ್ಡಹೆಸರನ್ನೋ ಗೋಡೆ ಮೇಲೆ ಬರೆಯುವುದು. ಈಗ ನಾವು ನೋಡುವ ರೂಪದಲ್ಲಿ ಇದು ಬೆಳೆದದ್ದು 1960ರ ದಶಕದ ಕೊನೆಯಲ್ಲಿ, ಅಮೆರಿಕದ ಫಿಲಡೆಲ್ಫಿಯಾ ಮತ್ತು ನ್ಯೂಯಾರ್ಕ್ ನಗರಗಳಲ್ಲಿ. ಸಾಮಾನ್ಯವಾಗಿ ಯಾರನ್ನೂ ಕೇಳದೆ, ರಾತ್ರಿ ಹೊತ್ತು ಬರೆದದ್ದು. ಮ್ಯೂರಲ್ ಅಂದರೆ ನಮ್ಮ ಭಿತ್ತಿಚಿತ್ರ. ಗೋಡೆಯನ್ನೇ ಹಲಗೆ ಮಾಡಿಕೊಂಡು ಬರೆದ ದೊಡ್ಡ ಚಿತ್ರ. ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋದವರು ಪಶ್ಚಿಮದ ಗೋಡೆ ತುಂಬ ಪೊಲ್ಲಿಲೂರು ಯುದ್ಧದ ಚಿತ್ರ ನೋಡಿರುತ್ತೀರಿ. ಆನೆ, ಕುದುರೆ, ಸಾಲು ಸಾಲು ಸೈನಿಕರು. ಅದು ಭಿತ್ತಿಚಿತ್ರ, ಆದರೆ ಅರಮನೆಯ ಒಳಗಿನದು.

ಬೀದಿ ಕಲೆ ಇವೆರಡಕ್ಕಿಂತ ದೊಡ್ಡ ಕೊಡೆ. ದಾರಿಹೋಕರ ಕಣ್ಣಿಗೆ ಬೀಳಲಿ ಅಂತ ರಸ್ತೆಯಲ್ಲಿ, ಗೋಡೆಯಲ್ಲಿ, ಮೇಲ್ಸೇತುವೆಯ ಕಂಬದಲ್ಲಿ ಮಾಡಿದ ಯಾವ ಕಲೆಯಾದರೂ ಇದರಡಿ ಬರುತ್ತದೆ. ಟಿಕೆಟ್ ಇಲ್ಲ, ಚಪ್ಪಲಿ ಬಿಡಬೇಕಿಲ್ಲ, ಕಲೆಯ ಬಗ್ಗೆ ಏನೂ ಗೊತ್ತಿರಬೇಕಿಲ್ಲ. ಹಾಲಿನ ಪ್ಯಾಕೆಟ್ ತರಲು ಹೋದವರೂ ನೋಡುತ್ತಾರೆ.

ಹೀಗೆ ಹೇಳಿದರೆ ಪೂರ್ತಿ ಪರದೇಶದ್ದು ಅನ್ನಿಸಬಹುದು. ಆದರೆ ನಮ್ಮ ಮನೆಗಳ ಮುಂದೆ ದಿನಾ ಬೆಳಿಗ್ಗೆ ನಡೆಯುವುದೂ ಇದೇ ಅಲ್ವಾ? ಅಂಗಳ ಗುಡಿಸಿ, ನೀರು ಚಿಮುಕಿಸಿ, ಚುಕ್ಕಿ ಇಟ್ಟು ರಂಗೋಲಿ ಬಿಡುತ್ತಾರೆ. ಅದು ಮನೆಯವರಿಗಿಂತ ಜಾಸ್ತಿ ದಾರಿಯಲ್ಲಿ ಹೋಗುವವರಿಗೆ ಕಾಣುತ್ತದೆ. ಸಾಗರದ ಕಡೆ ದೀವರ ಹೆಣ್ಣುಮಕ್ಕಳು ಮನೆಯ ಕೆಮ್ಮಣ್ಣಿನ ಗೋಡೆ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ. ಅಕ್ಕಿ ಹಿಟ್ಟಿನ ಬಿಳಿ, ಹುರಿದು ಕರಿ ಮಾಡಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಗೋಡೆ ಮೇಲೆ ಬರೆಯುವುದು ನಮಗೆ ಹೊಸದಲ್ಲ. ಮನೆಯ ಗೋಡೆ ದಾಟಿ ಎಲ್ಲರ ಗೋಡೆಗೆ ಬಂದದ್ದು ಮಾತ್ರ ಹೊಸದು.

ಒಂದು ಗೋಡೆ, ಹತ್ತಿರದಿಂದ

ಇಂಥ ಚಿತ್ರ ಹೇಗೆ ಆಗುತ್ತದೆ ಅಂತ ನೋಡದೆ ಅದರ ಪರಿಣಾಮ ಅರ್ಥವಾಗುವುದಿಲ್ಲ. ನಮ್ಮ ಬಡಾವಣೆಯ ಗೋಡೆಯನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ.

ಅದು ಪಾರ್ಕಿನ ಹಿಂಬದಿಯ ಗೋಡೆ. ಸುಮಾರು ಅರವತ್ತು ಅಡಿ ಉದ್ದ, ಎಂಟು ಅಡಿ ಎತ್ತರ. ಒಂದು ತುದಿಯಲ್ಲಿ ಕಸದ ರಾಶಿ, ಇನ್ನೊಂದು ತುದಿಯಲ್ಲಿ ಒಬ್ಬ ಅಜ್ಜಿಯ ಹೂವಿನ ಬುಟ್ಟಿ. ಚಿತ್ರ ಬರೆಯಲು ಬಂದವರು ಕಲೆ ಓದಿದ ಇಬ್ಬರು ಹುಡುಗಿಯರು. ಮೊದಲ ಎರಡು ದಿನ ಅವರು ಬಣ್ಣದ ಡಬ್ಬಿ ತೆರೆಯಲೇ ಇಲ್ಲ. ಮನೆ ಮನೆಗೆ ಹೋಗಿ ‘ಗೋಡೆ ಮೇಲೆ ಏನಿರಬೇಕು?’ ಅಂತ ಕೇಳಿದರು. ಕೆಲವರು ಅರಮನೆ ಅಂದರು, ಕೆಲವರು ದಸರಾ ಆನೆ ಅಂದರು. ಒಬ್ಬ ಹುಡುಗ ಕ್ರಿಕೆಟ್ ಬ್ಯಾಟ್ ಅಂದ. ಕೊನೆಗೆ ಮಾರ್ಕೆಟ್ಟಿನ ಬೆಳಗು ಅಂತ ನಿಂತಿತು. ಹೂ, ವೀಳ್ಯದೆಲೆ, ಬಾಳೆಹಣ್ಣು, ಕುದುರೆ ಗಾಡಿ. ಬ್ಯಾಟ್ ಹಿಡಿದ ಹುಡುಗನೊಬ್ಬನಿಗೂ ಮೂಲೆಯಲ್ಲಿ ಜಾಗ ಸಿಕ್ಕಿತು.

ಆಮೇಲೆ ಗೋಡೆಯ ಕೆಲಸ. ಹಳೆ ಸುಣ್ಣ, ಪಾಚಿ, ಪೋಸ್ಟರಿನ ಚೂರು ಎಲ್ಲ ಕೆರೆದರು. ಬಿರುಕಿಗೆ ಸಿಮೆಂಟು ಮೆತ್ತಿದರು. ಪ್ರೈಮರ್ ಹೊಡೆದು ಒಣಗಲು ಬಿಟ್ಟರು. ಕೈಯಲ್ಲಿದ್ದದ್ದು ಒಂದು ಹಾಳೆಯಷ್ಟು ಚಿತ್ರ. ಅದು ಅರವತ್ತು ಅಡಿಗೆ ಹೇಗೆ ಹಿಗ್ಗುತ್ತದೆ? ಶಾಲೆಯಲ್ಲಿ ಭಾರತದ ನಕ್ಷೆ ದೊಡ್ಡದಾಗಿ ಬರೆಯಲು ಚೌಕ ಹಾಕಿಕೊಳ್ಳುತ್ತಿದ್ದೆವಲ್ಲ, ಅದೇ ಲೆಕ್ಕ. ಹಾಳೆಯಲ್ಲಿ ಎಷ್ಟು ಚೌಕವೋ ಗೋಡೆಯಲ್ಲೂ ಅಷ್ಟೇ ಚೌಕ. ಗೆರೆ ನೇರ ಬರಲು ಬಡಗಿಗಳ ಹಾಗೆ ದಾರಕ್ಕೆ ಬಣ್ಣದ ಪುಡಿ ಹಚ್ಚಿ, ಎರಡು ಕಡೆ ಎಳೆದು ಹಿಡಿದು, ನಡುವೆ ಮೀಟಿ ಬಿಡುತ್ತಿದ್ದರು. ಪ್ರತಿ ಚೌಕದೊಳಗೆ ಏನಿದೆಯೋ ಅದನ್ನಷ್ಟೇ ನೋಡಿ ಬರೆದರೆ ಚಿತ್ರ ತಾನಾಗಿ ಕೂಡಿಕೊಳ್ಳುತ್ತದೆ. ಮಕ್ಕಳಿಗೂ ಒಂದೊಂದು ಚೌಕ ಕೊಡಲು ಆದದ್ದು ಇದರಿಂದಲೇ.

ಬಣ್ಣ ಹಚ್ಚತೊಡಗಿದ ಮೂರನೇ ದಿನ ಹೂವಿನ ಅಜ್ಜಿ ತನ್ನ ಜಾಗದಿಂದ ಎದ್ದು ಬಂದರು. ಗೋಡೆ ಮೇಲೆ ಮಲ್ಲಿಗೆ ದಂಡೆ ಮೂಡುತ್ತಿತ್ತು. ಎಲ್ಲ ಮೊಗ್ಗೂ ಒಂದೇ ಕಡೆ ಮುಖ ಮಾಡಿಕೊಂಡು, ಮಣಿಸರದ ಹಾಗೆ ಇದ್ದವು. ಅಜ್ಜಿ ಸ್ವಲ್ಪ ಹೊತ್ತು ನೋಡಿ ಹೇಳಿದರು. ‘ಇದು ಪೋಣಿಸಿದ್ದು ಕಣವ್ವ. ಕಟ್ಟಿದ್ದಲ್ಲ.’ ಬುಟ್ಟಿಯಿಂದ ಮೊಗ್ಗು, ಬಾಳೆ ನಾರು ತಂದು ಅಲ್ಲೇ ಕೂತು ತೋರಿಸಿದರು. ಎರಡು ಮೊಗ್ಗು ಆ ಕಡೆ, ಎರಡು ಈ ಕಡೆ. ತಲೆ ಹೊರಗೆ, ತೊಟ್ಟು ಒಳಗೆ, ನಾರು ಸುತ್ತಿ ಬಿಗಿ. ಹುಡುಗಿ ಸಾರುವೆಯಿಂದ ಇಳಿದು, ಅಜ್ಜಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಕಟ್ಟು ಕಲಿತಳು. ಎರಡು ಅಡಿ ದಂಡೆಯನ್ನು ಬಿಳಿ ಬಳಿದು ಅಳಿಸಿ ಮತ್ತೆ ಬರೆದಳು. ಅವತ್ತಿನಿಂದ ಆ ಗೋಡೆ ಅಜ್ಜಿಯದೂ ಆಯಿತು. ಯಾರಾದರೂ ಅಲ್ಲಿ ಕವರು ಬಿಸಾಡಲು ಬಂದರೆ ಮೊದಲು ಕೇಳುವುದು ಅವರ ದನಿಯೇ.

ಬೀದಿ ಕಲೆಯ ಬಗ್ಗೆ ಮುಂದೆ ಹೇಳುವುದೆಲ್ಲ ಈ ಒಂದು ಘಟನೆಯ ಸುತ್ತಲೇ ಇದೆ. ಚಿತ್ರ ಎಷ್ಟು ಚೆನ್ನಾಗಿದೆ ಅನ್ನುವುದಕ್ಕಿಂತ, ಅದು ಆಗುವಾಗ ಯಾರು ಯಾರು ಕೈ ಹಾಕಿದರು ಅನ್ನುವುದು ಹೆಚ್ಚು ಕೆಲಸ ಮಾಡುತ್ತದೆ.

ಕಸ ಹಾಕುವ ಕೈ ಯಾಕೆ ತಡೆಯುತ್ತದೆ?

ಮೂತ್ರ ಮಾಡದಿರಲಿ ಅಂತ ಕಾಂಪೌಂಡಿಗೆ ದೇವರ ಟೈಲ್ಸ್ ಹಚ್ಚಿರುವುದನ್ನು ಎಲ್ಲರೂ ನೋಡಿದ್ದೇವೆ. ಅದು ನಡೆಯುವುದು ಭಯದಿಂದ. ಟೈಲ್ಸ್ ಇರುವ ಎರಡು ಅಡಿ ಬಿಟ್ಟು ಮೂರನೇ ಅಡಿಯಲ್ಲಿ ಜನ ನಿಲ್ಲುತ್ತಾರೆ. ರಂಗೋಲಿ ಹಾಗಲ್ಲ. ರಂಗೋಲಿ ಮುಂದೆ ಬಂದವರು ಯಾರೂ ಹೇಳದೆಯೇ ಒಂದು ಹೆಜ್ಜೆ ಪಕ್ಕಕ್ಕಿಡುತ್ತಾರೆ. ‘ಇಲ್ಲಿ ಒಬ್ಬರು ಇದ್ದಾರೆ, ಬೆಳಿಗ್ಗೆಯೇ ಎದ್ದು ಇದನ್ನು ಮಾಡಿದ್ದಾರೆ’ ಅಂತ ಅದು ಹೇಳುತ್ತದೆ. ಬೀದಿಯ ಚಿತ್ರವೂ ಹೇಳುವುದು ಅದನ್ನೇ. ಈ ಜಾಗಕ್ಕೆ ಹೇಳೋರು ಕೇಳೋರು ಇದ್ದಾರೆ.

ಇದನ್ನು ಪರೀಕ್ಷೆ ಮಾಡಿಯೂ ನೋಡಿದ್ದಾರೆ. ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗನ್ ಊರಿನ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಒಂದು ಓಣಿಯಲ್ಲಿ ನಿಲ್ಲಿಸಿದ್ದ ಸೈಕಲ್‌ಗಳ ಹ್ಯಾಂಡಲ್‌ಗೆ ಅವರು ಕರಪತ್ರ ಸಿಕ್ಕಿಸಿಟ್ಟರು. ಹತ್ತಿರದಲ್ಲಿ ಕಸದ ಡಬ್ಬಿ ಇರಲಿಲ್ಲ. ಓಣಿಯ ಗೋಡೆ ಚೊಕ್ಕಟವಾಗಿದ್ದಾಗ ಶೇ 33ರಷ್ಟು ಜನ ಕರಪತ್ರವನ್ನು ನೆಲಕ್ಕೆ ಹಾಕಿದರು. ಅದೇ ಗೋಡೆ ಮೇಲೆ ಅಡ್ಡಾದಿಡ್ಡಿ ಗೀಚಿದ್ದಾಗ ಹಾಗೆ ಮಾಡಿದವರು ಶೇ 69. ಓಣಿ ಅದೇ, ಸೈಕಲ್ ನಿಲ್ಲಿಸುವ ಜಾಗವೂ ಅದೇ. ಗೋಡೆ ಮಾತ್ರ ಬೇರೆ.

ಇಲ್ಲೊಂದು ಎಚ್ಚರ ಬೇಕು. ಗೋಡೆ ಮೇಲೆ ಏನು ಬರೆದರೂ ಒಳ್ಳೆಯದಾಗುತ್ತದೆ ಅಂತ ಈ ಅಧ್ಯಯನ ಹೇಳುವುದಿಲ್ಲ. ಗೀಚಾಟದಿಂದ ಕಸ ಜಾಸ್ತಿಯೇ ಆಯಿತು. ನೋಡುವವರ ಕಣ್ಣಿಗೆ ಅದು ಆರೈಕೆಯ ಗುರುತಾಗಿ ಕಾಣಬೇಕು. ಆಗ ಮಾತ್ರ ಕೈ ತಡೆಯುತ್ತದೆ.

ಬೆಂಗಳೂರಿನಲ್ಲಿ ಪಾಲಿಕೆ 2009ರ ಸುಮಾರಿಗೆ ಗೋಡೆ ಚಿತ್ರ ಬರೆಸಲು ಮುಂದಾದದ್ದಕ್ಕೂ ಕಾರಣ ಹೀಗೇ ಸರಳ. ಪೋಸ್ಟರ್ ಅಂಟಿಸುವವರ ಕಾಟ ತಪ್ಪಬೇಕಿತ್ತು. ಬರೆದವರು ಯಾರು ಗೊತ್ತಾ? ಸಿನಿಮಾ ಬ್ಯಾನರ್, ಸೈನ್‌ಬೋರ್ಡ್ ಬರೆಯುತ್ತಿದ್ದ ಕಲಾವಿದರು. ಫ್ಲೆಕ್ಸ್ ಬಂದ ಮೇಲೆ ಅವರ ಕೈಗೆ ಕೆಲಸವೇ ಇರಲಿಲ್ಲ. ಹೀರೋಗಳ ಮುಖ ಬರೆದ ಆ ಕೈಗಳು ಹಂಪಿಯ ಕಲ್ಲಿನ ರಥ, ಜೋಗದ ನೀರು, ಕಾಡಿನ ಹುಲಿ ಬರೆದವು. ಒಂದೇ ಥರದ ಚಿತ್ರ, ಕಲೆ ಅಲ್ಲ ಅಂತ ಆಗ ಕೆಲವರು ಮೂಗು ಮುರಿದರು. ನನಗೆ ಹಾಗನ್ನಿಸುವುದಿಲ್ಲ. ಕೆಲಸ ಕಳೆದುಕೊಂಡ ಒಂದು ಕಸುಬಿನವರಿಗೆ ಊರೇ ಗೋಡೆ ಬಿಟ್ಟುಕೊಟ್ಟದ್ದು ಸಣ್ಣ ಮಾತಲ್ಲ.

ಫಿಲಡೆಲ್ಫಿಯಾದ ನಲವತ್ತು ವರ್ಷ

ಈ ವಿಷಯದಲ್ಲಿ ಬಹಳ ಕಾಲದಿಂದ ಕೆಲಸ ಮಾಡಿದ, ಅದನ್ನು ಅಳೆದೂ ನೋಡಿದ ನಗರ ಫಿಲಡೆಲ್ಫಿಯಾ. 1984ರಲ್ಲಿ ಅಲ್ಲಿನ ಮೇಯರ್ ವಿಲ್ಸನ್ ಗೂಡ್ ಗ್ರಾಫಿಟಿ ನಿಲ್ಲಿಸಲೆಂದು ಒಂದು ಕಾರ್ಯಕ್ರಮ ಶುರು ಮಾಡಿದರು. ಅದರಲ್ಲಿ ಕೆಲಸಕ್ಕೆ ಸೇರಿದ ಜೇನ್ ಗೋಲ್ಡನ್ ಎಂಬ ಕಲಾವಿದೆ, ಗೋಡೆ ಗೀಚುವ ಹುಡುಗರನ್ನು ಹುಡುಕಿ ಮಾತಾಡಿಸಿದರು. ನಿಮಗೆ ಗೋಡೆ ಬೇಕಲ್ವಾ, ಹಗಲಲ್ಲೇ ಕೊಡುತ್ತೇವೆ, ಬನ್ನಿ ದೊಡ್ಡ ಚಿತ್ರ ಬರೆಯೋಣ ಅನ್ನುವುದು ಅವರ ದಾರಿ. ಅಲ್ಲಿಂದ ಬೆಳೆದ ಮ್ಯೂರಲ್ ಆರ್ಟ್ಸ್ ಸಂಸ್ಥೆ ಇವತ್ತಿಗೆ ಆ ನಗರದಲ್ಲಿ 4,000ಕ್ಕೂ ಹೆಚ್ಚು ಚಿತ್ರ ಬರೆಸಿದೆ.

ಅಲ್ಲಿ ಕಂಡುಕೊಂಡ ಒಂದು ಉಪಾಯ ನನಗೆ ಬಹಳ ಇಷ್ಟ. ಚಿತ್ರವನ್ನು ನೇರ ಗೋಡೆ ಮೇಲೆ ಬರೆಯುವ ಬದಲು ತೆಳುವಾದ, ಗಟ್ಟಿ ಬಟ್ಟೆಯ ಚೌಕಗಳ ಮೇಲೆ ಬರೆಯುತ್ತಾರೆ. ಅದನ್ನು ಪ್ಯಾರಾಚೂಟ್ ಬಟ್ಟೆ ಅನ್ನುತ್ತಾರೆ. ಗೆರೆ ಹಾಕಿ, ಯಾವ ಜಾಗಕ್ಕೆ ಯಾವ ಬಣ್ಣ ಅಂತ ನಂಬರ್ ಬರೆದಿರುತ್ತಾರೆ. ಹಾಗಾಗಿ ಏಣಿ ಹತ್ತಲಾರದ ಅಜ್ಜ ಅಜ್ಜಿಯರು, ಶಾಲೆ ಮಕ್ಕಳು, ಜೈಲಿನಲ್ಲಿರುವವರು ಕೂಡ ಮೇಜಿನ ಮುಂದೆ ಕೂತು ಬಣ್ಣ ತುಂಬಬಹುದು. ಆಮೇಲೆ ಎಲ್ಲ ಚೌಕಗಳನ್ನೂ ವಾಲ್‌ಪೇಪರ್ ಹಾಗೆ ಗೋಡೆಗೆ ಅಂಟಿಸುತ್ತಾರೆ. ಮುಗಿದ ಮೇಲೆ ಬೀದಿಯಲ್ಲಿ ನಿಂತು ‘ಆ ನೀಲಿ ರೆಕ್ಕೆ ನಮ್ಮಮ್ಮ ಮಾಡಿದ್ದು’ ಅಂತ ತೋರಿಸಬಹುದು.

ಇದೇ ಸಂಸ್ಥೆ ನಗರದ ಮಾನಸಿಕ ಆರೋಗ್ಯ ಇಲಾಖೆ ಜೊತೆ ಸೇರಿ ‘ಪೋರ್ಚ್ ಲೈಟ್’ ಅಂತ ಒಂದು ಕಾರ್ಯಕ್ರಮ ನಡೆಸಿತು. ಮಾನಸಿಕ ಕಾಯಿಲೆ, ಮದ್ಯ ಮತ್ತು ಮಾದಕ ವಸ್ತುಗಳ ಚಟದಿಂದ ಹೊರಬರುತ್ತಿರುವವರು, ಅವರ ಅಕ್ಕಪಕ್ಕದವರು ಸೇರಿಕೊಂಡು ಚಿತ್ರ ಬರೆದರು. ಯೇಲ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನವರು ಇದರ ಪರಿಣಾಮ ಅಳೆದು 2013ರಲ್ಲಿ ವರದಿ ಕೊಟ್ಟರು. ಚಿತ್ರ ಬಂದ ಬಡಾವಣೆಗಳನ್ನು ಬರದ ಬಡಾವಣೆಗಳ ಜೊತೆ ಹೋಲಿಸಿ ನೋಡಿದರು. ಚಿತ್ರ ಬಂದ ಕಡೆ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಹೆಚ್ಚಾಗಿತ್ತು. ಬೀದಿಯಲ್ಲಿ ಏನಾದರೂ ಆದರೆ ಪಕ್ಕದ ಮನೆಯವರು ಹೊರಗೆ ಬರುತ್ತಾರೆ ಅನ್ನುವ ಧೈರ್ಯ ಬೆಳೆದಿತ್ತು. ಮಾನಸಿಕ ಕಾಯಿಲೆ ಇರುವವರನ್ನು ದೂರ ಇಡುವ ಭಾವನೆ ಸ್ವಲ್ಪ ಕಡಿಮೆಯಾಗಿತ್ತು.

ಪಕ್ಕದ ಮನೆಯವರು ಬರುತ್ತಾರೆ ಅನ್ನುವ ಈ ಧೈರ್ಯವನ್ನು ನಾವು ಬೇರೆ ಯಾವ ರೀತಿಯಲ್ಲಿ ತರಬಹುದು, ಹೇಳಿ? ಕ್ಯಾಮೆರಾ ಹಾಕಿದರೆ ಕಳ್ಳನ ಮುಖ ಸಿಗಬಹುದು. ಅಕ್ಕಪಕ್ಕದವರ ಪರಿಚಯ ಆಗುವುದಿಲ್ಲ. ಒಂದು ವಾರ ಒಟ್ಟಿಗೆ ಬಣ್ಣ ಬಳಿದವರು ಆಮೇಲೆ ಎದುರು ಸಿಕ್ಕಾಗ ಮುಖ ತಿರುಗಿಸಿಕೊಂಡು ಹೋಗುವುದು ಕಷ್ಟ.

ನಾವು ಇದ್ದೇವೆ

ಕೆಲವರು ಬೀದಿಯಲ್ಲಿ ಇದ್ದರೂ ಯಾರ ಕಣ್ಣಿಗೂ ಬೀಳುವುದಿಲ್ಲ. ಬಿದ್ದರೂ ಜನ ಮುಖ ಆ ಕಡೆ ಮಾಡುತ್ತಾರೆ. ಲಿಂಗತ್ವ ಅಲ್ಪಸಂಖ್ಯಾತರ ಪಾಡು ಹೀಗೇ. ಸಿಗ್ನಲ್‌ನಲ್ಲಿ ಕಾರಿನ ಗಾಜು ಏರಿಸುವುದನ್ನು ದಿನಾ ನೋಡುತ್ತೇವೆ.

ಕಲಾವಿದೆ ಪೂರ್ಣಿಮಾ ಸುಕುಮಾರ್ 2016ರಲ್ಲಿ ಬೆಂಗಳೂರಿನಲ್ಲಿ ‘ಅರವಾಣಿ ಆರ್ಟ್ ಪ್ರಾಜೆಕ್ಟ್’ ಶುರು ಮಾಡಿದರು. ಅರ್ಜುನನ ಮಗ ಅರವಾನನ ಹೆಸರಿನಿಂದ ಬಂದ ಪದ ಅರವಾಣಿ. ತಮಿಳುನಾಡಿನಲ್ಲಿ ಟ್ರಾನ್ಸ್ ಮಹಿಳೆಯರನ್ನು ಹಾಗೆ ಕರೆಯುತ್ತಿದ್ದರು. ಈ ತಂಡದಲ್ಲಿ ಟ್ರಾನ್ಸ್ ಮಹಿಳೆಯರೂ ಇತರ ಮಹಿಳೆಯರೂ ಸೇರಿ ಗೋಡೆ ಚಿತ್ರ ಬರೆಯುತ್ತಾರೆ. ಬೆಂಗಳೂರಿನ ಗೋಡೆಯೊಂದರ ಮೇಲೆ ಅವರು ಬರೆದದ್ದು ದೊಡ್ಡ ಮುಖಗಳು, ಜೊತೆಗೆ ಎರಡೇ ಪದ: ‘ನಾವು ಇದ್ದೇವೆ’.

ಇದರಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯುತ್ತದೆ. ಒಂದು, ಚಿತ್ರ ಹೇಳುವ ಮಾತು. ಇನ್ನೊಂದು, ಅದಕ್ಕಿಂತ ಗಟ್ಟಿಯಾದದ್ದು. ಅವರು ಹಗಲು ಹೊತ್ತಿನಲ್ಲಿ, ತುಂಬಿದ ಬೀದಿಯಲ್ಲಿ, ಕೈಯಲ್ಲಿ ಬ್ರಷ್ ಹಿಡಿದು ದುಡಿಯುತ್ತಾ ನಿಂತಿರುತ್ತಾರೆ. ಟೀ ಅಂಗಡಿಯವನು ಬಂದು ‘ಏನಕ್ಕಾ ಬರೀತಿದ್ದೀರಿ?’ ಅಂತ ಕೇಳುತ್ತಾನೆ. ಬೇಡುವವರು ಅಂದುಕೊಂಡಿದ್ದವರ ಜೊತೆ ಮೊದಲ ಬಾರಿಗೆ ಕೆಲಸದ ಮಾತು ಆಡುತ್ತಾನೆ. ತಂಡ ಈಗ ದೇಶದ ಬೇರೆ ಬೇರೆ ಊರುಗಳಲ್ಲಿ, ಹೊರದೇಶಗಳಲ್ಲೂ ಗೋಡೆ ಬರೆದಿದೆ. ಹಲವರಿಗೆ ಇದು ಸಂಬಳ ಬರುವ ಕಸುಬು.

ಗುಂಡಿಯೊಳಗಿನ ಮೊಸಳೆ

ಬೀದಿ ಕಲೆ ಬರೀ ಅಂದಕ್ಕಲ್ಲ. ಕೇಳುವವರಿಲ್ಲದ ದೂರನ್ನು ಎಲ್ಲರಿಗೂ ಕಾಣಿಸುವ ಕೆಲಸವನ್ನೂ ಮಾಡುತ್ತದೆ. ಇದಕ್ಕೆ ನಮ್ಮ ಬಾದಲ್ ನಂಜುಂಡಸ್ವಾಮಿಯವರ ಕೆಲಸಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಯಲ್ಲಿ ದೊಡ್ಡ ಗುಂಡಿ ಬಿದ್ದು ನೀರು ನಿಂತಿತ್ತು. ಮೈಸೂರು ಮೂಲದ ಈ ಕಲಾವಿದರು ಅದಕ್ಕೆ ಕೆರೆಯ ಬಣ್ಣ ಕೊಟ್ಟು, ನಿಜವಾದ ಮೊಸಳೆಯಷ್ಟೇ ದೊಡ್ಡ ಮೊಸಳೆಯ ಆಕೃತಿ ತಂದು ನೀರಿನಲ್ಲಿ ಮಲಗಿಸಿದರು. ಬೈಕಿನವರು ನಿಂತರು, ಫೋಟೊ ತೆಗೆದರು, ಪೇಪರಿನಲ್ಲಿ ಬಂತು. ಬೇಗನೆ ಗುಂಡಿ ಮುಚ್ಚಿತು. 2019ರ ಸೆಪ್ಟೆಂಬರಿನಲ್ಲಿ ದೇಶವೆಲ್ಲ ಚಂದ್ರಯಾನ-2 ಚಂದ್ರನ ಮೇಲೆ ಇಳಿಯುವುದನ್ನು ಕಾಯುತ್ತಿತ್ತು. ಆಗ ಹೇರೋಹಳ್ಳಿ ಕಡೆಯ ತುಂಗಾನಗರದ ರಸ್ತೆಯಲ್ಲಿ ಗಗನಯಾತ್ರಿಯ ಉಡುಪು ತೊಟ್ಟ ಒಬ್ಬರು ನಿಧಾನಕ್ಕೆ ಹೆಜ್ಜೆ ಹಾಕುವ ವಿಡಿಯೋ ಬಂತು. ನೋಡಿದರೆ ಚಂದ್ರನ ನೆಲವೇ. ಅಷ್ಟರಲ್ಲಿ ಪಕ್ಕದಲ್ಲಿ ಆಟೊ ಹಾದುಹೋಗುತ್ತದೆ. ವಿಡಿಯೋ ಹರಡಿದ ಮೇಲೆ ಆ ರಸ್ತೆಯ ರಿಪೇರಿ ಶುರುವಾಯಿತು.

ಅರ್ಜಿಯಿಂದ ಆಗದ್ದು ಮೊಸಳೆಯಿಂದ ಯಾಕೆ ಆಯಿತು? ಅರ್ಜಿ ಒಬ್ಬ ಅಧಿಕಾರಿಯ ಮೇಜಿನ ಮೇಲೆ ಇರುತ್ತದೆ. ಮೊಸಳೆ ಎಲ್ಲರ ಕಣ್ಣೆದುರು ಇರುತ್ತದೆ. ದಿನಾ ನೋಡಿ ನೋಡಿ ನಮಗೆ ಗುಂಡಿ ಗುಂಡಿಯಾಗಿ ಕಾಣುವುದೇ ನಿಂತುಹೋಗಿರುತ್ತದೆ, ಸುಮ್ನೆ ಬಳಸಿಕೊಂಡು ಹೋಗುತ್ತೇವೆ. ಅದನ್ನು ಮತ್ತೆ ಕಾಣುವ ಹಾಗೆ ಮಾಡಿದ್ದು ಚಿತ್ರ. ಬೈಗುಳ ಇಲ್ಲ, ಬಂದ್ ಇಲ್ಲ, ಯಾರಿಗೂ ನೋವಿಲ್ಲ.

ವಿಳಾಸ ಹೇಳಲು ಹಿಂಜರಿಯುವವರಿಗೆ

ಚೆನ್ನೈನ ಕಣ್ಣಗಿ ನಗರ ಪುನರ್ವಸತಿ ಬಡಾವಣೆ. ಊರೊಳಗಿನ ಕೊಳೆಗೇರಿಗಳಿಂದ ಎಬ್ಬಿಸಿದವರನ್ನು, 2004ರ ಸುನಾಮಿಯಲ್ಲಿ ಮನೆ ಕಳೆದುಕೊಂಡವರನ್ನು ಅಲ್ಲಿಗೆ ತಂದು ಬಿಟ್ಟಿದ್ದರು. ಕಳ್ಳರ ಜಾಗ ಅಂತ ಹೆಸರು ಬಿದ್ದಿತ್ತು. ಅರ್ಜಿಯಲ್ಲಿ ಆ ವಿಳಾಸ ಕಂಡರೆ ಕೆಲಸ ಸಿಗುವುದಿಲ್ಲ ಅಂತ ಅಲ್ಲಿನವರು ಹೇಳಿಕೊಳ್ಳುತ್ತಿದ್ದರು. 2020ರಲ್ಲಿ ಸ್ಟಾರ್ಟ್ ಇಂಡಿಯಾ ಫೌಂಡೇಶನ್ ಅಲ್ಲಿನ ಕಟ್ಟಡಗಳ ಎತ್ತರದ ಬದಿಗೋಡೆಗಳಿಗೆ ಚಿತ್ರ ಬರೆಸಿತು. ದೆಹಲಿಯ ಲೋಧಿ ಕಾಲೊನಿಯ ಗೋಡೆಗಳನ್ನು ಬರೆಸಿದ್ದೂ ಇದೇ ಸಂಸ್ಥೆ. ಹೊರಗಿನವರು ಹೆಜ್ಜೆ ಇಡದಿದ್ದ ಕಣ್ಣಗಿ ನಗರಕ್ಕೆ ಚಿತ್ರ ನೋಡಲೆಂದೇ ಜನ ಬರತೊಡಗಿದರು.

ಅಲ್ಬೇನಿಯಾದ ರಾಜಧಾನಿ ಟಿರಾನಾದ್ದು ಇನ್ನೂ ಹಿಂದಿನ ಕಥೆ. 2000ದಲ್ಲಿ ಮೇಯರ್ ಆದ ಎಡಿ ರಾಮಾ ಮೂಲತಃ ಚಿತ್ರಕಾರ. ಪಾಲಿಕೆಯ ಖಜಾನೆಯಲ್ಲಿ ಹಣ ಕಡಿಮೆ, ಊರು ಪೂರ್ತಿ ಬೂದು. ಕಟ್ಟಡಗಳಿಗೆ ಗಾಢ ಬಣ್ಣ ಬಳಿಸಲು ಶುರು ಮಾಡಿದರು. ಮೊದಲನೆಯದಕ್ಕೆ ಕಿತ್ತಳೆ ಬಣ್ಣ. ನೋಡಲು ಜನ ಸೇರಿ ಟ್ರಾಫಿಕ್ ನಿಂತುಹೋಯಿತಂತೆ. ಆಮೇಲೆ ನಡೆಸಿದ ಸಮೀಕ್ಷೆಯ ಬಗ್ಗೆ ಅವರೇ ಹೇಳಿರುವ ಮಾತು ಸ್ವಾರಸ್ಯವಾಗಿದೆ. ಬಣ್ಣ ಇಷ್ಟವಾಯಿತು ಅಂದವರು ಶೇ 63. ಇಷ್ಟವಾಗಲಿಲ್ಲ ಅಂದವರಲ್ಲೂ ಅರ್ಧದಷ್ಟು ಜನ ‘ಕೆಲಸ ಮಾತ್ರ ನಿಲ್ಲಿಸಬೇಡಿ’ ಅಂದರು. ಬಣ್ಣ ಒಪ್ಪಿಗೆಯಾಗದವರಿಗೂ ತಮ್ಮ ಊರನ್ನು ಯಾರೋ ನೋಡಿಕೊಳ್ಳುತ್ತಿದ್ದಾರೆ ಅನ್ನುವುದು ಬೇಕಿತ್ತು.

ಕೊಲಂಬಿಯಾದ ಮೆಡೆಯಿನ್ ನಗರದ ಕೊಮುನಾ 13 ಇವೆರಡಕ್ಕಿಂತ ಕಷ್ಟದ ಜಾಗ. ಬೆಟ್ಟದ ಮೈಗೆ ಅಂಟಿಕೊಂಡ ಬಡವರ ಮನೆಗಳು, ಬಂದೂಕಿನ ಗುಂಪುಗಳು. 2002ರ ಅಕ್ಟೋಬರಿನಲ್ಲಿ ಸೇನೆ ಅಲ್ಲಿ ದೊಡ್ಡ ಕಾರ್ಯಾಚರಣೆ ನಡೆಸಿತು. ಸತ್ತವರಿದ್ದಾರೆ, ಇವತ್ತಿಗೂ ಸಿಗದವರಿದ್ದಾರೆ. ಆ ನೋವನ್ನು ಅಲ್ಲಿನ ಹುಡುಗರು ಗೋಡೆಗಳ ಮೇಲೆ ಬರೆದರು. ಹಾಗೇ ಬಿಟ್ಟರೆ ಮರೆತುಹೋಗುತ್ತಿದ್ದ ಮುಖಗಳು ಬೀದಿಯಲ್ಲಿ ಉಳಿದವು. ಈಗ ಆ ಚಿತ್ರಗಳ ಮುಂದೆ ನಿಂತು ಅಲ್ಲಿಯವರೇ ಪ್ರವಾಸಿಗರಿಗೆ ಕಥೆ ಹೇಳುತ್ತಾರೆ, ಅದರಿಂದಲೇ ಹಲವರ ಒಲೆ ಉರಿಯುತ್ತದೆ. ಆದರೆ ಇಲ್ಲಿ ಬಣ್ಣ ಒಂಟಿಯಾಗಿ ಬರಲಿಲ್ಲ. 2011ರಲ್ಲಿ ನಗರಾಡಳಿತ ಅದೇ ಬೆಟ್ಟಕ್ಕೆ ಸುಮಾರು 380 ಮೀಟರ್ ಉದ್ದದ ಎಸ್ಕಲೇಟರ್ ಹಾಕಿಸಿತು. ನೂರಾರು ಮೆಟ್ಟಿಲು ಹತ್ತಿ ನೀರು, ದಿನಸಿ ಹೊರುವುದು ತಪ್ಪಿತು. ಎಸ್ಕಲೇಟರ್ ಇಲ್ಲದಿದ್ದರೆ ಆ ಬೆಟ್ಟ ಹತ್ತಿ ಚಿತ್ರ ನೋಡಲು ಯಾರು ಬರುತ್ತಿದ್ದರು?

ರಸ್ತೆಗೂ ಬಣ್ಣ

ಗೋಡೆಯಷ್ಟೇ ಅಲ್ಲ, ಈಗ ಕೆಲವು ಊರುಗಳಲ್ಲಿ ರಸ್ತೆ ದಾಟುವ ಜಾಗಕ್ಕೂ ಚಿತ್ರ ಬರೆಯುತ್ತಾರೆ. ಅಮೆರಿಕದ 17 ಕಡೆ ಚಿತ್ರ ಬರೆಯುವ ಮುಂಚೆ, ಬರೆದ ಮೇಲೆ ಆದ ಅಪಘಾತಗಳನ್ನು ಎಣಿಸಿದ ವರದಿ 2022ರಲ್ಲಿ ಬಂತು. ನಡೆದು ಹೋಗುವವರು, ಸೈಕಲ್‌ನವರು ಸಿಕ್ಕಿಕೊಳ್ಳುವ ಅಪಘಾತ ಶೇ 50ರಷ್ಟು ಕಡಿಮೆಯಾಗಿತ್ತು. ಕಾರಣ ಹೀಗಿರಬಹುದು. ಕಪ್ಪು ಟಾರಿನ ಮೇಲೆ ಇದ್ದಕ್ಕಿದ್ದಂತೆ ಬಣ್ಣ ಕಂಡರೆ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ. 17 ಜಾಗ ಅಂದರೆ ಕಡಿಮೆಯೇ. ಆದರೂ ಶಾಲೆಗಳ ಮುಂದೆ ನಮ್ಮಲ್ಲೂ ಮಾಡಿ ನೋಡಬಹುದಾದ ಕೆಲಸ.

ಬಣ್ಣದಿಂದ ಆಗದ ಕೆಲಸ

ಒಳ್ಳೆಯದನ್ನೇ ಹೇಳುತ್ತಾ ಹೋದರೆ ಅರ್ಧ ಮಾತ್ರ ಹೇಳಿದಂತೆ. ನಮ್ಮ ಗೋಡೆಯ ಕಸದ ರಾಶಿ ಚಿತ್ರ ಬಂದ ಮೊದಲ ವಾರ ಮಾಯವಾಗಲಿಲ್ಲ, ಮುಂದಿನ ತಿರುವಿಗೆ ಹೋಯಿತು. ಕಸದ ಗಾಡಿ ಬೆಳಿಗ್ಗೆ ಬರುವ ಹೊತ್ತಿಗೆ ಕೂಲಿಗೆ ಹೋಗುವವರು ಮನೆಯಲ್ಲಿರುತ್ತಿರಲಿಲ್ಲ. ಗಾಡಿಯ ಹೊತ್ತು ಬದಲಾಯಿಸಿದ ಮೇಲೆಯೇ ರಾಶಿ ನಿಂತದ್ದು. ಒಂದು ಮಾತು ಮಾತ್ರ ನಿಜ. ಗಾಡಿಯವರ ಹತ್ತಿರ ಹೋಗಿ ಕೇಳಿದ್ದು ಗೋಡೆಗೆ ಬಣ್ಣ ಬಳಿಯುವಾಗ ಪರಿಚಯವಾದ ಐದಾರು ಮನೆಯವರು.

ಇನ್ನೂ ದೊಡ್ಡ ತೊಂದರೆ ಬಾಡಿಗೆಯದು. ಅಮೆರಿಕದ ಮಯಾಮಿಯ ವಿನ್‌ವುಡ್ ಹಳೆಯ ಗೋದಾಮುಗಳ ಜಾಗ. 2009ರಲ್ಲಿ ಟೋನಿ ಗೋಲ್ಡ್‌ಮನ್ ಎಂಬ ಉದ್ಯಮಿ ಅಲ್ಲಿನ ಗೋಡೆಗಳಿಗೆ ಹೆಸರಾಂತ ಕಲಾವಿದರಿಂದ ಚಿತ್ರ ಬರೆಸಿದರು. ಜಾಗ ಪ್ರಸಿದ್ಧವಾಯಿತು, ಕೆಫೆ ಬಂದವು, ಬಾಡಿಗೆ ಏರಿತು. ಮೊದಲಿನಿಂದ ಅಲ್ಲಿದ್ದ ಪೋರ್ಟೊ ರಿಕೊ ಮೂಲದ ಕುಟುಂಬಗಳು, ಸಣ್ಣ ಕಲಾವಿದರು ಜಾಗ ಬಿಡಬೇಕಾಯಿತು. ಹೊರಗಿನವರನ್ನು ಸೆಳೆಯಲೆಂದೇ ಬರೆಸಿದ ಚಿತ್ರಕ್ಕೂ ಇರುವವರಿಗಾಗಿ ಬರೆದ ಚಿತ್ರಕ್ಕೂ ವ್ಯತ್ಯಾಸ ಇಲ್ಲಿ ಕಾಣುತ್ತದೆ.

ಕಾನೂನು ಏನು ಹೇಳುತ್ತದೆ?

ನಮ್ಮ ರಾಜ್ಯದಲ್ಲಿ ತೆರೆದ ಸ್ಥಳಗಳ ಅಂದಗೆಡಿಸುವುದನ್ನು ತಡೆಯಲು 1981ರ ಕಾಯ್ದೆಯೊಂದಿದೆ. ಅನುಮತಿ ಇಲ್ಲದೆ ಸಾರ್ವಜನಿಕರಿಗೆ ಕಾಣುವ ಗೋಡೆ ಮೇಲೆ ಬರೆಯುವುದು, ಅಂಟಿಸುವುದು ತಪ್ಪು. ಉದ್ದೇಶ ಒಳ್ಳೆಯದಿದ್ದರೂ ಕೇಳಿಯೇ ಬರೆಯಬೇಕು. ಖಾಸಗಿ ಗೋಡೆಗೆ ಮಾಲೀಕರ ಒಪ್ಪಿಗೆ, ಪಾರ್ಕು ರಸ್ತೆಗಳಿಗೆ ಪಾಲಿಕೆ ಅಥವಾ ಪಂಚಾಯಿತಿ, ರೈಲ್ವೆ ಗೋಡೆಗೆ ರೈಲ್ವೆಯವರದು. ಬಾಯಿಮಾತಿನ ಒಪ್ಪಿಗೆ ಸಾಲದು, ಬರಹದಲ್ಲಿ ಇರಲಿ.

ಬರೆದ ಮೇಲೆ ಕಲಾವಿದರಿಗೂ ಹಕ್ಕಿದೆ. ದೆಹಲಿಯ ವಿಜ್ಞಾನ ಭವನದಲ್ಲಿದ್ದ ಶಿಲ್ಪಿ ಅಮರ್ ನಾಥ್ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಗೋದಾಮಿಗೆ ಹಾಕಿದ್ದರು. ಅವರು ಕೋರ್ಟಿಗೆ ಹೋದರು. 2005ರಲ್ಲಿ ದೆಹಲಿ ಹೈಕೋರ್ಟ್ ಉಳಿದದ್ದನ್ನು ಅವರಿಗೆ ಹಿಂದಿರುಗಿಸಿ, 5 ಲಕ್ಷ ರೂಪಾಯಿ ಪರಿಹಾರ ಕೊಡಿ ಅಂತ ತೀರ್ಪು ಕೊಟ್ಟಿತು. ಹಾಗಾಗಿ ಚಿತ್ರ ಎಷ್ಟು ವರ್ಷ ಇರುತ್ತದೆ, ಯಾರು ಅಳಿಸಬಹುದು ಅನ್ನುವುದನ್ನೂ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು.

ನಿಮ್ಮ ಬೀದಿಯಲ್ಲಿ ಮಾಡುವುದಾದರೆ

ಗೋಡೆ ಮೇಲೆ ಅಂಗೈ ಉಜ್ಜಿ ನೋಡಿ. ಬಿಳಿ ಪುಡಿ ಅಂಟಿದರೆ ಹಳೆ ಸುಣ್ಣ ಕೆರೆಯಲೇಬೇಕು, ಇಲ್ಲದಿದ್ದರೆ ಹೊಸ ಬಣ್ಣ ಸಿಪ್ಪೆಯ ಹಾಗೆ ಏಳುತ್ತದೆ. ಹೊಸ ಗಾರೆ ಆದರೆ ನಾಲ್ಕು ವಾರ ಒಣಗಲಿ. ಮಳೆಗಾಲ ಮುಗಿದ ಮೇಲೆ ಶುರು ಮಾಡಿ. ಹೊರಗೋಡೆಗೆಂದೇ ಬರುವ ಎಮಲ್ಷನ್ ತನ್ನಿ. ಕಲ್ಲಿನ ಕಟ್ಟಡ, ಹಳೆಯ ಗಾರೆಯ ಪಾರಂಪರಿಕ ಕಟ್ಟಡದ ಮೇಲೆ ದಯವಿಟ್ಟು ಬರೆಯಬೇಡಿ. ಅಲ್ಲಿ ಎಂಥ ಒಳ್ಳೆಯ ಚಿತ್ರವೂ ಗಾಯವೇ.

ಕಲಾವಿದರಿಗೆ ದುಡ್ಡು ಕೊಡಿ. ‘ನಿಮಗೂ ಹೆಸರು ಬರುತ್ತದಲ್ಲ’ ಅಂತ ಪುಕ್ಕಟೆ ಬರೆಸುವುದು ಸರಿಯಲ್ಲ. ಏನು ಬರೆಯಬೇಕು ಅಂತ ಕೇಳುವಾಗ ಸೈಟಿನ ಮಾಲೀಕರನ್ನಷ್ಟೇ ಅಲ್ಲ, ಆ ಗೋಡೆಯ ಹತ್ತಿರ ದಿನಾ ಕೂರುವವರನ್ನು, ಬೀದಿ ಗುಡಿಸುವವರನ್ನು, ಬಾಡಿಗೆ ಮನೆಯವರನ್ನು ಕೇಳಿ. ಪ್ರತಿ ಬಣ್ಣದಲ್ಲೂ ಅರ್ಧ ಲೀಟರ್ ಎತ್ತಿಡಿ, ಡಬ್ಬಿ ಮೇಲೆ ಬಣ್ಣದ ನಂಬರ್ ಬರೆದಿಡಿ.

ನಮ್ಮ ಗೋಡೆ ಈಗ ಎರಡು ಮಳೆ ಕಂಡಿದೆ. ನೆಲದಿಂದ ಒಂದಡಿ ತೇವ ಹತ್ತಿ, ಕುದುರೆ ಗಾಡಿಯ ಚಕ್ರ ಅರ್ಧ ಉದುರಿದೆ. ಮಲ್ಲಿಗೆ ದಂಡೆ ಹಾಗೇ ಇದೆ. ಮೊನ್ನೆ ಹೂ ತರಲು ಹೋದಾಗ ಅಜ್ಜಿ ಎರಡು ಮೊಳ ಅಳೆದು ಕೊಡುತ್ತಾ ಕೇಳಿದರು. ‘ಕಪ್ಪು ಬಣ್ಣದ ಡಬ್ಬಿ ನಿಮ್ಮನೇಲಿ ಐತಾ? ಹುಡುಗೀರು ಬರೋ ಭಾನುವಾರ ಬತ್ತಾರಂತೆ, ಚಕ್ರ ಬರಿಯಾಕೆ.’ ಡಬ್ಬಿ ನಮ್ಮ ಮೆಟ್ಟಿಲ ಕೆಳಗಿತ್ತು. ಮುಚ್ಚಳ ಬಿಗಿದುಕೊಂಡಿತ್ತು, ಬಣ್ಣ ಇನ್ನೂ ಒಣಗಿರಲಿಲ್ಲ.